ರೂಬಿ ಪೇನ್-ಸ್ಕಾಟ್: ಸೂರ್ಯನ ಸದ್ದಿಗೆ ವೇಳಾಪಟ್ಟಿ ಬರೆದವರು, ಮದುವೆಯಾದದ್ದಕ್ಕೆ ಹುದ್ದೆ ಕಳೆದುಕೊಂಡವರು

ರೇಡಿಯೋ ಟೆಲಿಸ್ಕೋಪ್ ಅಂದ ತಕ್ಷಣ ಕಣ್ಣ ಮುಂದೆ ಬರೋದು ಆಕಾಶಕ್ಕೆ ಮುಖ ಮಾಡಿದ ದೊಡ್ಡ ಡಿಶ್. ಆದರೆ ಇವತ್ತು ಯಾರಾದರೂ ಅದನ್ನು ಬಳಸಬೇಕಾದರೆ ಮೊದಲು ಕೂರಬೇಕಿರುವುದು ಲ್ಯಾಪ್‌ಟಾಪ್ ಮುಂದೆ. ವೀಕ್ಷಣೆಯ ಯೋಜನೆ ಸಿದ್ಧಪಡಿಸಲೆಂದೇ ಬರೆದ ಸಾಫ್ಟ್‌ವೇರ್‌ಗಳಿವೆ. ಅವು ಸಾಲು ಸಾಲು ಪ್ರಶ್ನೆ ಕೇಳುತ್ತವೆ. ನೀವು ನೋಡಬೇಕೆಂದಿರುವ ಆಕಾಶಕಾಯ ಈ ಜಾಗದಲ್ಲಿ ಎಷ್ಟು ಗಂಟೆಗೆ ಹುಟ್ಟುತ್ತದೆ, ಎಷ್ಟು ಗಂಟೆಗೆ ಮುಳುಗುತ್ತದೆ? ಯಾವ ಫ್ರೀಕ್ವೆನ್ಸಿಯಲ್ಲಿ ನೋಡ್ತೀರಿ? ಎಷ್ಟು ಹೊತ್ತಿಗೊಮ್ಮೆ ಅಳತೆ ಬೇಕು? ಉಪಕರಣ ಸರಿಯಾಗಿದೆಯಾ ಅಂತ ತಾಳೆ ನೋಡಲು ಹತ್ತಿರದಲ್ಲಿ ಈಗಾಗಲೇ ಗೊತ್ತಿರುವ ಮೂಲ ಯಾವುದಿದೆ? ಯಾವ ಆಂಟೆನಾ ಯಾವುದರ ಜೊತೆ ಜೋಡಿಯಾಗಬೇಕು? ಇಷ್ಟಕ್ಕೂ ಉತ್ತರ ತುಂಬಿದ ಮೇಲೆ ಆದೇಶಗಳ ಒಂದು ಫೈಲ್ ತಯಾರಾಗುತ್ತದೆ. ಟೆಲಿಸ್ಕೋಪ್ ಅದನ್ನು ಓದಿಕೊಂಡು ತಿರುಗುತ್ತದೆ.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇಂಥ ಫಾರ್ಮುಗಳನ್ನು ಕಂಡರೆ ಒಂದು ಕುತೂಹಲ. ಈ ಖಾನೆಗಳಿಗೆ ಮೊದಲು ಗೆರೆ ಎಳೆದವರು ಯಾರು? ಯಾಕೆಂದರೆ ಪ್ರತಿ ಖಾನೆಯ ಹಿಂದೆ ಯಾರೋ ಒಬ್ಬರು ಪಟ್ಟ ಪಾಡು ಇರುತ್ತದೆ. ಹುಡುಕುತ್ತಾ ಹೋದರೆ ದಾರಿ 1940ರ ದಶಕದ ಸಿಡ್ನಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಯುದ್ಧದಲ್ಲಿ ಮಿಕ್ಕ ರೇಡಾರ್ ಸಾಮಾನು, ಪೆನ್ಸಿಲ್ಲು, ಕಾಗದ ಇತ್ತು. ಜೊತೆಗೆ ಒಂದಷ್ಟು ಜನ ಇದ್ದರು, ಅವರಲ್ಲೊಬ್ಬರು ರೂಬಿ ಪೇನ್-ಸ್ಕಾಟ್.

ರೂಬಿಯ ರೇಡಿಯೋ ಖಗೋಳಶಾಸ್ತ್ರದ ಜೀವನ ಒಂದು ದಶಕದಷ್ಟೂ ಉದ್ದವಿಲ್ಲ. ಅದು ಕಾಯಿಲೆಯಿಂದ ಮುಗಿಯಲಿಲ್ಲ, ಆಸಕ್ತಿ ಕಳೆದುಹೋಗಿಯೂ ಮುಗಿಯಲಿಲ್ಲ. ಸರ್ಕಾರಿ ನಿಯಮವೊಂದರಿಂದ ಮುಗಿಯಿತು. ಈ ಕಥೆಯನ್ನು ವಿಜ್ಞಾನದ ಪುಟಕ್ಕೆ ಬಿಟ್ಟುಕೊಡದೆ ಇಲ್ಲಿ ಬರೆಯುತ್ತಿರುವುದು ಅದಕ್ಕೇ.

ಗ್ರಾಫ್ಟನ್‌ನಿಂದ ರೇಡಾರ್‌ವರೆಗೆ

ರೂಬಿ ಹುಟ್ಟಿದ್ದು 1912ರ ಮೇ 28ರಂದು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಗ್ರಾಫ್ಟನ್ ಎಂಬ ಊರಿನಲ್ಲಿ. ಓದಿದ್ದು ಸಿಡ್ನಿಯಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೊಂಡು 1933ರಲ್ಲಿ ಬಿಎಸ್‌ಸಿ, 1936ರಲ್ಲಿ ಎಂಎಸ್‌ಸಿ ಮುಗಿಸಿದರು. ಆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪದವಿ ಪಡೆದ ಮೂರನೇ ಮಹಿಳೆ ಆಕೆ.

ಪದವಿ ಏನೋ ಸಿಕ್ಕಿತು. ಭೌತವಿಜ್ಞಾನಿ ಅಂತ ಒಬ್ಬ ಹೆಣ್ಣುಮಗಳಿಗೆ ಕೆಲಸ ಕೊಡುವವರು ಇರಬೇಕಲ್ಲ? ಮೊದಲು ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಕೋಳಿ ಭ್ರೂಣಗಳನ್ನು ಭಾರೀ ಕಾಂತಕ್ಷೇತ್ರದಲ್ಲಿಟ್ಟು ನೋಡಿ, ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದು ವರದಿ ಮಾಡಿದರು. ಆಮೇಲೆ ಶಿಕ್ಷಕರ ತರಬೇತಿಯ ಡಿಪ್ಲೊಮಾ, ಅಡಿಲೇಡ್ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟರ ಕೆಲಸ. 1939ರಲ್ಲಿ ಎಡಬ್ಲ್ಯುಎ ಎಂಬ ರೇಡಿಯೋ ಕಂಪನಿ ಸೇರಿದರು. ಕರೆದುಕೊಂಡದ್ದು ಲೈಬ್ರರಿ ನೋಡಿಕೊಳ್ಳಲು. ಕೆಲವೇ ದಿನಗಳಲ್ಲಿ ಆಕೆಯ ಕೆಲಸ ಅಳತೆಯ ಉಪಕರಣಗಳ ಕಡೆಗೆ ಹೊರಳಿತು.

ಬಾಗಿಲು ತೆರೆದದ್ದು ಯುದ್ಧ. ಗಂಡಸರ ಕೊರತೆ ಬಿದ್ದಾಗ ಸರ್ಕಾರಗಳಿಗೆ ಹೆಣ್ಣುಮಕ್ಕಳ ಬುದ್ಧಿ ನೆನಪಾಗುತ್ತದೆ. 1941ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ರೇಡಿಯೋಫಿಸಿಕ್ಸ್ ಪ್ರಯೋಗಾಲಯಕ್ಕೆ ರೂಬಿ ಸೇರಿದರು. ಅಲ್ಲಿ ನಡೆಯುತ್ತಿದ್ದದ್ದು ಗುಟ್ಟಿನ ರೇಡಾರ್ ಕೆಲಸ. ಪರದೆಯ ಮೇಲೆ ಸದ್ದಿನ ಗೊಜಲಿನಲ್ಲಿ ಒಂದು ಚಿಕ್ಕ ಚುಕ್ಕೆ. ಅದು ವಿಮಾನವಾ, ಬರೀ ಗದ್ದಲವಾ? ಉಪಕರಣದ ಒಳಗಿನ ಗದ್ದಲ ಎಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂದು ಬಿಡಿಸಿ ಹೇಳುವುದರಲ್ಲಿ ರೂಬಿ ಪಳಗಿದರು. ರೇಡಿಯೋ ಖಗೋಳಶಾಸ್ತ್ರ ಅಂದರೂ ಮೂಲದಲ್ಲಿ ಇಷ್ಟೇ. ಗದ್ದಲದೊಳಗೆ ಇನ್ನೊಂದು ಗದ್ದಲವನ್ನು ಗುರುತಿಸೋದು.

1944ರಲ್ಲೇ, ಯುದ್ಧ ಇನ್ನೂ ನಡೆಯುತ್ತಿರುವಾಗ, ತಮ್ಮ ಮುಖ್ಯಸ್ಥ ಜೋಸೆಫ್ ಪಾಸಿ ಜೊತೆ ಸೇರಿ ಆಕಾಶದ ಕಡೆಗೆ ಆಂಟೆನಾ ತಿರುಗಿಸಿ ನೋಡಿದ್ದರು. ದಕ್ಷಿಣ ಗೋಳಾರ್ಧದಲ್ಲಿ ಅಂಥ ಪ್ರಯತ್ನ ಅದೇ ಮೊದಲು. 1945ರಲ್ಲಿ ನ್ಯೂಜಿಲೆಂಡಿನಿಂದ ಒಂದು ಸುದ್ದಿ ಬಂತು. ನಾರ್ಫೋಕ್ ದ್ವೀಪದ ರೇಡಾರ್ ಕೇಂದ್ರದಲ್ಲಿ ಸೂರ್ಯ ಹುಟ್ಟುವಾಗ, ಮುಳುಗುವಾಗ ವಿಚಿತ್ರ ಸದ್ದು ಏರುತ್ತಿತ್ತು. ಅದು ಸೂರ್ಯನಿಂದಲೇ ಬರುತ್ತಿದೆ ಎಂದು ಅಲ್ಲಿ ಬಿಡಿಸಿ ನೋಡಿದವರು ಎಲಿಜಬೆತ್ ಅಲೆಕ್ಸಾಂಡರ್, ಮತ್ತೊಬ್ಬ ಮಹಿಳೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಾಸಿ, ರೂಬಿ ಮತ್ತು ಲಿಂಡ್ಸೆ ಮೆಕ್ರೆಡಿ ಸಿಡ್ನಿಯ ಉತ್ತರ ಕರಾವಳಿಯ ಕೊಲರಾಯ್‌ನಲ್ಲಿದ್ದ ವಾಯುಪಡೆಯ ರೇಡಾರ್ ಬಳಸಿ ಸೂರ್ಯನನ್ನು ದಿನದಿನವೂ ಅಳೆದರು. ಸೂರ್ಯನ ಮೇಲೆ ಕಲೆಗಳು ಹೆಚ್ಚಿದ ದಿನ ಸದ್ದೂ ಹೆಚ್ಚು. ಆ ಫಲಿತಾಂಶ 1946ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ಬಂಡೆ, ಸಮುದ್ರ ಮತ್ತು ಸೂರ್ಯೋದಯ

ಈಗ ಮುಂದಿನ ಪ್ರಶ್ನೆ. ಸದ್ದು ಬರುತ್ತಿರುವುದು ಸೂರ್ಯನ ಇಡೀ ಮೈಯಿಂದಲಾ, ಅಥವಾ ಆ ಕಲೆಗಳ ಜಾಗದಿಂದಲಾ?

ಆಗಿನ ಒಂದು ಆಂಟೆನಾಗೆ ಅದನ್ನು ಹೇಳುವ ಶಕ್ತಿ ಇರಲಿಲ್ಲ. ಅದರ ನೋಟ ಸೂರ್ಯನಿಗಿಂತ ಎಷ್ಟೋ ಪಟ್ಟು ಅಗಲ. ಸಿಡ್ನಿಯ ಪೂರ್ವಕ್ಕೆ ಡೋವರ್ ಹೈಟ್ಸ್ ಅನ್ನುವ ಜಾಗವಿದೆ. ಸಮುದ್ರದಿಂದ ಸುಮಾರು 85 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತ ಬಂಡೆ. ಅದರ ತುದಿಯಲ್ಲಿ ಯುದ್ಧಕಾಲದ ಆಂಟೆನಾ ಇತ್ತು. ಸೂರ್ಯ ಸಮುದ್ರದಿಂದ ಮೇಲೇಳುವಾಗ ಅದರ ಅಲೆ ಎರಡು ದಾರಿಯಲ್ಲಿ ಆಂಟೆನಾಗೆ ಬರುತ್ತದೆ. ಒಂದು ನೇರವಾಗಿ, ಇನ್ನೊಂದು ಸಮುದ್ರದ ನೀರಿಗೆ ಬಡಿದು ಪುಟಿದು. ಎರಡೂ ಕೂಡಿದಾಗ ಕೆಲವು ಕ್ಷಣ ಸದ್ದು ಏರುತ್ತದೆ, ಕೆಲವು ಕ್ಷಣ ಅಡಗುತ್ತದೆ. ಸೂರ್ಯ ಮೇಲೇರಿದಂತೆ ಈ ಏರಿಳಿತ ಕಾಗದದ ಮೇಲೆ ಅಲೆ ಅಲೆಯಾಗಿ ಮೂಡುತ್ತದೆ. ಅಂದರೆ ಸಮುದ್ರವೇ ಕನ್ನಡಿ, ಒಂದೇ ಆಂಟೆನಾ ಎರಡರ ಕೆಲಸ ಮಾಡುತ್ತದೆ.

ಲೆಕ್ಕ ಇಷ್ಟ ಇರುವವರಿಗೆ ಇಲ್ಲೊಂದು ಸೊಗಸಿದೆ. 200 ಮೆಗಾಹರ್ಟ್ಸ್ ಅಂದರೆ ಒಂದೂವರೆ ಮೀಟರ್ ತರಂಗದುದ್ದ. ಬಂಡೆಯ ಎತ್ತರವನ್ನು ದುಪ್ಪಟ್ಟು ಮಾಡಿ ತರಂಗದುದ್ದವನ್ನು ಅದರಿಂದ ಭಾಗಿಸಿದರೆ ಏರಿಳಿತದ ಒಂದು ಪಟ್ಟಿಯ ಅಗಲ ಸಿಗುತ್ತದೆ. ಅದು ಸುಮಾರು ಅರ್ಧ ಡಿಗ್ರಿ, ಅಂದರೆ ಹೆಚ್ಚುಕಮ್ಮಿ ಸೂರ್ಯನ ಅಗಲದಷ್ಟೇ. ಇಡೀ ಸೂರ್ಯ ಒಂದೇ ಸಮ ಸದ್ದು ಮಾಡುತ್ತಿದ್ದರೆ ಒಂದು ಭಾಗದ ಏರಿಕೆ ಇನ್ನೊಂದರ ಇಳಿಕೆಯ ಮೇಲೆ ಬಿದ್ದು ಪಟ್ಟಿಗಳು ಮಸುಕಾಗಬೇಕು. ಪಟ್ಟಿ ಸ್ಪಷ್ಟವಾಗಿ ಕಂಡರೆ ಸದ್ದಿನ ಮೂಲ ಚಿಕ್ಕದು ಅಂತ ಅರ್ಥ.

1946ರ ಜನವರಿ 26, ಆಸ್ಟ್ರೇಲಿಯಾದ ರಾಷ್ಟ್ರೀಯ ದಿನ. ಆ ಬೆಳಗಿನ ಸೂರ್ಯೋದಯದಲ್ಲಿ ಈ ವಿಧಾನ ಮೊದಲ ಬಾರಿ ಸೂರ್ಯನ ಮೇಲೆ ಪ್ರಯೋಗವಾಯಿತು. ಫೆಬ್ರವರಿಯಲ್ಲಿ ಸೂರ್ಯನ ಮೇಲೆ ಭಾರೀ ಕಲೆಗಳ ಗುಂಪು ಕಾಣಿಸಿಕೊಂಡಿತು. ಪಟ್ಟಿಗಳು ಆಳವಾಗಿ, ಸ್ಪಷ್ಟವಾಗಿ ಬಂದವು. ಸದ್ದಿನ ಮೂಲ ಸೂರ್ಯನ ತಟ್ಟೆಗಿಂತ ಬಹಳ ಚಿಕ್ಕದು, ಅದು ಕಲೆಗಳ ಜೊತೆ ಜೊತೆಗೇ ಸಾಗುತ್ತಿದೆ ಎಂದು ಖಚಿತವಾಯಿತು.

ಇದನ್ನು ಮಾಡಲು ಎಷ್ಟು ಯೋಜನೆ ಬೇಕಿತ್ತು ಅಂತ ಸ್ವಲ್ಪ ಊಹಿಸಿ. ದಿನಕ್ಕೆ ಒಂದೇ ಅವಕಾಶ, ಅದೂ ಮುಂಜಾನೆ. ಆ ಹೊತ್ತು ತಪ್ಪಿದರೆ ಮತ್ತೆ ನಾಳೆಯೇ. ಸೂರ್ಯ ಎಷ್ಟು ನಿಮಿಷಕ್ಕೆ ಎಷ್ಟು ಎತ್ತರದಲ್ಲಿರುತ್ತಾನೆ ಅಂತ ಮೊದಲೇ ಲೆಕ್ಕ ಹಾಕಿಟ್ಟಿರಬೇಕು. ಸಮುದ್ರದ ಭರತ ಇಳಿತಕ್ಕೆ ತಕ್ಕಂತೆ ಬಂಡೆಯ ಎತ್ತರ ಬದಲಾಗುತ್ತದೆ, ಅದನ್ನೂ ಸೇರಿಸಬೇಕು. ದಿಗಂತದ ಹತ್ತಿರ ಗಾಳಿಯ ಪದರ ಅಲೆಯನ್ನು ಬಾಗಿಸುತ್ತದೆ, ಭೂಮಿಯ ಮೈ ಬೇರೆ ಗುಂಡಗಿದೆ. ಇವತ್ತು ಸಾಫ್ಟ್‌ವೇರ್ ಒಂದು ಕ್ಲಿಕ್ಕಿಗೆ ತೋರಿಸುವ ಉದಯ ಅಸ್ತದ ರೇಖೆ, ದಿಗಂತದ ಮಿತಿ, ವಾತಾವರಣದ ತಿದ್ದುಪಡಿ, ಇವೆಲ್ಲ ಅಲ್ಲಿ ಕೈಬರಹದ ಲೆಕ್ಕ.

ಒಂದು ಪ್ಯಾರಾದಲ್ಲಿ ಮುಂದಿನ 80 ವರ್ಷ

ಈ ಕೆಲಸದ ಪೂರ್ಣ ಪ್ರಬಂಧ 1947ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಮೆಕ್ರೆಡಿ, ಪಾಸಿ, ಪೇನ್-ಸ್ಕಾಟ್ ಹೆಸರಿನಲ್ಲಿ ಪ್ರಕಟವಾಯಿತು. ಅದರಲ್ಲೊಂದು ಗಣಿತದ ಭಾಗವಿದೆ. ಅದರ ಹಿಂದೆ ರೂಬಿಯ ಕೈ ಇದೆ ಎನ್ನುವುದು ಆಕೆಯ ಜೀವನಚರಿತ್ರೆ ಬರೆದ ಮಿಲ್ಲರ್ ಗಾಸ್ ಅವರ ಅಭಿಪ್ರಾಯ.

ಅಲ್ಲಿ ಹೇಳಿರುವುದು ಇದು. ಆಂಟೆನಾದ ಒಂದು ಜೋಡಿ ಕೊಡುವ ಅಳತೆ ಚಿತ್ರದ ಒಂದು ತುಣುಕೂ ಅಲ್ಲ, ಇಡೀ ಚಿತ್ರದ ಒಂದು ಫೋರಿಯರ್ ಅಂಶ. ಬೇರೆ ಬೇರೆ ಅಂತರಗಳಲ್ಲಿ ಇಂಥ ಅಳತೆಗಳನ್ನು ಸಾಕಷ್ಟು ಕೂಡಿಹಾಕಿದರೆ ಮೂಲದ ಚಿತ್ರವನ್ನೇ ಕಟ್ಟಬಹುದು. ಬಂಡೆಯ ಎತ್ತರ ಬದಲಿಸಿದರೆ ಅಂತರ ಬದಲಾಗುತ್ತದೆ, ಆದರೆ ಅದು ಪ್ರಾಯೋಗಿಕವಾಗಿ ತೊಡಕಿನ ಕೆಲಸ ಎಂದೂ ಅವರಿಗೆ ಗೊತ್ತಿತ್ತು. ದಾರಿ ಕಂಡಿತ್ತು, ಗಾಡಿ ಇರಲಿಲ್ಲ ಅಷ್ಟೇ.

ನನ್ನ ತಲೆಮಾರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಫೋರಿಯರ್ ಅನ್ನು ಉರು ಹೊಡೆದದ್ದು ಸೆಮಿಸ್ಟರ್ ಪರೀಕ್ಷೆಗೆ. ಅದು ಆಕಾಶದ ಚಿತ್ರ ಬಿಡಿಸುವ ಕುಂಚ ಎಂದು ಯಾರೂ ಹೇಳಿಕೊಡಲಿಲ್ಲ. ಪುಣೆ ಹತ್ತಿರದ ಖೋಡದ್‌ನಲ್ಲಿರುವ ನಮ್ಮದೇ ಜಿಎಂಆರ್‌ಟಿ ನೋಡಿ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು ಸುಮಾರು 25 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹರಡಿವೆ. 30 ಡಿಶ್ ಅಂದರೆ 435 ಜೋಡಿ, ಒಂದೊಂದು ಜೋಡಿಯೂ ಡೋವರ್ ಹೈಟ್ಸ್‌ನ ಆ ಒಂದು ಬಂಡೆಯ ಹಾಗೆ. ಭೂಮಿ ತಿರುಗಿದಂತೆ ಆಕಾಶದಿಂದ ನೋಡಿದರೆ ಪ್ರತಿ ಜೋಡಿಯ ಅಂತರ, ದಿಕ್ಕು ಬದಲಾಗುತ್ತಾ ಹೋಗುತ್ತದೆ. ಬಂಡೆಯನ್ನು ಎತ್ತಿ ಇಳಿಸುವ ಕೆಲಸವನ್ನು ಭೂಮಿಯೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಇಂದಿನ ಯೋಜನಾ ಸಾಫ್ಟ್‌ವೇರ್‌ಗಳ ಮುಖ್ಯ ಕೆಲಸವೇ ಇದನ್ನು ಮುಂಚಿತವಾಗಿ ತೋರಿಸುವುದು. ಇಷ್ಟು ಗಂಟೆ ನೋಡಿದರೆ 435 ಜೋಡಿಗಳು ಯಾವ ಯಾವ ಅಂಶಗಳನ್ನು ಹಿಡಿಯುತ್ತವೆ, ಎಲ್ಲಿ ಖಾಲಿ ಉಳಿಯುತ್ತದೆ ಎಂದು ಬಾಗಿದ ಗೆರೆಗಳ ಜಾಲ ಬಿಡಿಸಿ ತೋರಿಸುತ್ತವೆ. ಖಾಲಿ ಹೆಚ್ಚಿದ್ದರೆ ಚಿತ್ರ ಕೆಡುತ್ತದೆ, ಇನ್ನಷ್ಟು ಹೊತ್ತು ಕೇಳಿಕೊಳ್ಳಬೇಕು. ಜಿಎಂಆರ್‌ಟಿ ಸಮಯಕ್ಕೆ ವರ್ಷಕ್ಕೆ ಎರಡು ಸುತ್ತು ಅರ್ಜಿ ಕರೆಯುತ್ತಾರೆ. ಸಮಿತಿ ಕೂತು ಗಂಟೆಗಳನ್ನು ಹಂಚುತ್ತದೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತಾ ಹೋಗುವುದರಿಂದ ಸಿಕ್ಕ ತಿಂಗಳು ಬೇರೆಯಾದರೆ ಇಡೀ ವೇಳಾಪಟ್ಟಿಯೇ ಬೇರೆ. ಇದೆಲ್ಲದರ ತಳಪಾಯದಲ್ಲಿ 1947ರ ಆ ಗಣಿತ ಇದೆ.

ಈ ವಿಚಾರವನ್ನು ಪೂರ್ಣ ತಂತ್ರವಾಗಿ ಬೆಳೆಸಿದ್ದು ಕೇಂಬ್ರಿಜ್‌ನ ಮಾರ್ಟಿನ್ ರೈಲ್. 1974ರಲ್ಲಿ ಅದಕ್ಕಾಗಿ ಅವರಿಗೆ ನೊಬೆಲ್ ಬಂತು. ರೈಲ್ ತಮ್ಮ ದಾರಿಯಲ್ಲೇ ಅಲ್ಲಿಗೆ ತಲುಪಿದವರು, ಅವರ ಸಾಧನೆ ದೊಡ್ಡದು, ಅದರಲ್ಲಿ ತಕರಾರಿಲ್ಲ. ಆ ಹೊತ್ತಿಗೆ ರೂಬಿ ಎಲ್ಲಿದ್ದರು ಅನ್ನೋದು ಪ್ರಶ್ನೆ. ಶಾಲೆಯೊಂದರಲ್ಲಿ ಗಣಿತ, ವಿಜ್ಞಾನ ಕಲಿಸುವ ಕೆಲಸದ ಕೊನೆಯ ವರ್ಷದಲ್ಲಿದ್ದರು.

ಸೆಕೆಂಡಿಗೆ 25 ಸಲ

ಆ ಶಾಲೆಗೆ ಹೋಗುವ ಮುನ್ನ ರೂಬಿ ಇನ್ನೂ ಎಷ್ಟೋ ಮಾಡಿದ್ದರು. 1947ರ ಮಾರ್ಚ್ 8ರಂದು ಸೂರ್ಯನ ಮೇಲೆ ಭಾರೀ ಸ್ಫೋಟ. ಆ ದಿನ ಸಿಡ್ನಿಯ ತಂಡ 200, 100, 60 ಮೆಗಾಹರ್ಟ್ಸ್ ಮೂರರಲ್ಲೂ ಒಟ್ಟಿಗೇ ಕಿವಿಗೊಟ್ಟಿತ್ತು. ಸದ್ದು ಮೊದಲು 200ರಲ್ಲಿ, ಆಮೇಲೆ 100ರಲ್ಲಿ, ಕೊನೆಗೆ 60ರಲ್ಲಿ ಬಂತು. ನಡುವೆ ನಿಮಿಷಗಳ ಅಂತರ. ಸೂರ್ಯನಿಂದ ಏನೋ ಒಂದು ಹೊರಕ್ಕೆ ಚಿಮ್ಮಿ, ತೆಳುವಾಗುತ್ತಾ ಹೋಗುವ ಪದರಗಳನ್ನು ದಾಟುತ್ತಿದೆ, ಅದರ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್ ಎಂದು ರೂಬಿ, ಡಾನ್ ಯಾಬ್‌ಸ್ಲಿ, ಜಾನ್ ಬೋಲ್ಟನ್ ಬರೆದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಕೂತಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ವೀಕ್ಷಣೆಯ ಯೋಜನೆ ಅಂದರೆ ಇದೇ. ಯಾವ ಪ್ರಶ್ನೆ ಕೇಳಬೇಕು ಎಂದು ಸೂರ್ಯ ಸ್ಫೋಟಿಸುವ ಮೊದಲೇ ನಿರ್ಧರಿಸಿರಬೇಕು.

ಹಾರ್ನ್ಸ್‌ಬಿ ಕಣಿವೆಯ ಕೇಂದ್ರದಲ್ಲಿ ಕೆಲವೇ ಸೆಕೆಂಡು ಬಾಳುವ ಇನ್ನೊಂದು ಬಗೆಯ ಸದ್ದನ್ನು ಗುರುತಿಸಿದರು. ಸಹೋದ್ಯೋಗಿಗಳು ಮುಂದೆ ಇವುಗಳಿಗೆ ಟೈಪ್ 1, ಟೈಪ್ 2, ಟೈಪ್ 3 ಎಂದು ಹೆಸರಿಟ್ಟರು. ಜಗತ್ತು ಇವತ್ತಿಗೂ ಅದೇ ಹೆಸರು ಬಳಸುತ್ತದೆ. ನಮ್ಮ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋ ಹೀಲಿಯೋಗ್ರಾಫ್ 1997ರಿಂದ ಸೂರ್ಯನ ಸದ್ದು ಹಿಡಿಯುತ್ತಿದೆ. ಅಲ್ಲಿನ ವಿಜ್ಞಾನಿಗಳು ಒಂದು ಸ್ಫೋಟವನ್ನು ಟೈಪ್ 3 ಎಂದು ಬರೆದುಕೊಂಡಾಗಲೆಲ್ಲ ಅದು ರೂಬಿ ಬಿಡಿಸಿಟ್ಟ ಗಂಟು.

1949ರ ಹೊತ್ತಿಗೆ ಪಾಟ್ಸ್ ಹಿಲ್ ಎಂಬಲ್ಲಿ ಅಲೆಕ್ ಲಿಟಲ್ ಜೊತೆ ಸೇರಿ ಹೊಸ ಉಪಕರಣ ಕಟ್ಟಿದರು. ಫ್ರೀಕ್ವೆನ್ಸಿ 97 ಮೆಗಾಹರ್ಟ್ಸ್. ಆಂಟೆನಾಗಳನ್ನು ಅಲುಗಾಡಿಸದೆ, ಸಂಕೇತದ ಹೊಂದಾಣಿಕೆಯನ್ನಷ್ಟೇ ಬದಲಿಸಿ, ನೋಟವನ್ನು ಸೆಕೆಂಡಿಗೆ 25 ಸಲ ಸೂರ್ಯನ ಮೇಲೆ ಬೀಸುವ ಯಂತ್ರ ಅದು. ಸೂರ್ಯೋದಯಕ್ಕೆ ಕಾಯಬೇಕಿಲ್ಲ, ಸ್ಫೋಟ ನಡೆಯುತ್ತಿರುವಾಗಲೇ ಅದರ ಮೂಲ ಎಲ್ಲಿಂದ ಎಲ್ಲಿಗೆ ಓಡಿತು ಎಂದು ಹಿಂಬಾಲಿಸಬಹುದು. ಲೈಬ್ರರಿ ನೋಡಿಕೊಳ್ಳಲು ಕರೆಸಿಕೊಂಡ ಹೆಣ್ಣುಮಗಳು ಸೂರ್ಯನ ಸಿನಿಮಾ ತೆಗೆಯುವ ಹಂತಕ್ಕೆ ಬಂದಿದ್ದರು.

ನಿಯಮ ಹೇಳಿದ್ದು

ಆಗ ಆಸ್ಟ್ರೇಲಿಯಾದ ಸರ್ಕಾರಿ ಸೇವೆಯಲ್ಲಿ ಒಂದು ನಿಯಮವಿತ್ತು. ಮದುವೆಯಾದ ಹೆಣ್ಣು ಕಾಯಂ ಹುದ್ದೆಯಲ್ಲಿರುವಂತಿಲ್ಲ. ಗಂಡಸಿಗೆ ಈ ನಿಯಮ ಅನ್ವಯಿಸುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ, ಬಿಡಿ.

ರೂಬಿಗೆ ಕಾಡುಮೇಡು ಅಲೆಯುವ ಹುಚ್ಚು. ಅಂಥ ನಡಿಗೆಯ ಗೆಳೆಯರ ಬಳಗದಲ್ಲೇ ಟೆಲಿಫೋನ್ ತಂತ್ರಜ್ಞ ಬಿಲ್ ಹಾಲ್ ಪರಿಚಯವಾಗಿದ್ದು. 1944ರ ಸೆಪ್ಟೆಂಬರ್ 8ರಂದು ಇಬ್ಬರೂ ಮದುವೆಯಾದರು. ಆಡಳಿತಕ್ಕೆ ತಿಳಿಸಲಿಲ್ಲ. ಡೋವರ್ ಹೈಟ್ಸ್, ಹಾರ್ನ್ಸ್‌ಬಿ, ಪಾಟ್ಸ್ ಹಿಲ್, ನಾನು ಮೇಲೆ ಹೇಳಿದ ಆ ಎಲ್ಲ ಕೆಲಸವೂ ನಡೆದದ್ದು ಈ ಗುಟ್ಟಿನ ಅಡಿಯಲ್ಲಿ. ರೇಡಾರ್ ಗುಟ್ಟು ಕಾಪಾಡುವುದು ದೇಶಸೇವೆ ಆಗಿತ್ತು, ಮದುವೆಯ ಗುಟ್ಟು ಕಾಪಾಡುವುದು ಅನ್ನದ ಪ್ರಶ್ನೆ ಆಗಿತ್ತು.

ಆಕೆ ಬಾಯಿ ಮುಚ್ಚಿಕೊಂಡು ಇದ್ದವರೂ ಅಲ್ಲ. ಕಮ್ಯುನಿಸ್ಟ್, ನಾಸ್ತಿಕಿ, ಸ್ತ್ರೀವಾದಿ. ಹೆಣ್ಣಿಗೂ ಗಂಡಿಗೂ ಸಮಾನ ವೇತನ ಬೇಕೆಂದು ಸಂಸ್ಥೆಯೊಳಗೆ ಗಟ್ಟಿಯಾಗಿ ಕೇಳಿದವರು. ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಕೆಂಪು ರೂಬಿ. ಶೀತಲ ಸಮರ ಶುರುವಾಗಿ, 1949ರಲ್ಲಿ ಆಸ್ಟ್ರೇಲಿಯಾದ ಹೊಸ ಗುಪ್ತಚರ ಸಂಸ್ಥೆ ಹುಟ್ಟಿದಾಗ ಅದರ ಕಪಾಟಿನಲ್ಲಿ ರೂಬಿಯ ಹೆಸರಿನ ಫೈಲ್ ದಪ್ಪವಾಗತೊಡಗಿತು. ಸೂರ್ಯನ ಮೇಲೆ ನಿಗಾ ಇಟ್ಟವರ ಮೇಲೆ ಸರ್ಕಾರ ನಿಗಾ ಇಟ್ಟಿತ್ತು.

1950ರಲ್ಲಿ ಮದುವೆಯ ವಿಷಯ ಆಡಳಿತದ ಮೇಜಿಗೆ ಬಂತು. ಆ ಹೊತ್ತಿಗೆ ಸಂಸ್ಥೆಯ ಹೆಸರು ಸಿಎಸ್‌ಐಆರ್‌ಒ ಎಂದಾಗಿತ್ತು. ರೂಬಿ ತಲೆ ತಗ್ಗಿಸಲಿಲ್ಲ. ಅಧ್ಯಕ್ಷ ಇಯಾನ್ ಕ್ಲೂನಿಸ್ ರಾಸ್ ಜೊತೆ ಪತ್ರಗಳಲ್ಲೇ ವಾದಕ್ಕಿಳಿದು, ನಿಯಮದ ಬುಡವನ್ನೇ ಪ್ರಶ್ನಿಸಿದರು. ಪ್ರಯೋಜನವಾಗಲಿಲ್ಲ. ಕಾಯಂ ಹುದ್ದೆ ಹೋಯಿತು, ತಾತ್ಕಾಲಿಕ ನೌಕರಿಯಾಗಿ ಉಳಿಸಿಕೊಂಡರು. ಪಿಂಚಣಿಯ ಹಕ್ಕೂ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಕಥೆಯಲ್ಲಿ ಮೀಸೆ ತಿರುವುವ ಖಳನಾಯಕ ಇಲ್ಲ. ಪಾಸಿ ಆಕೆಯ ಬುದ್ಧಿಯನ್ನು ಗೌರವಿಸಿದ ಮೇಲಧಿಕಾರಿ. ಪ್ರಯೋಗಾಲಯಕ್ಕೆ ಆಕೆ ಬೇಕಿತ್ತು. ಆದರೂ ನಿಯಮ ತನ್ನ ಕೆಲಸ ಮಾಡಿತು. ಯಾರೂ ದ್ವೇಷ ಸಾಧಿಸದೆಯೂ ಒಬ್ಬರನ್ನು ಹೊರಗೆ ಹಾಕಬಹುದು, ಫಾರ್ಮಿನಲ್ಲಿ ಖಾನೆ ಇಲ್ಲದಿದ್ದರೆ ಸಾಕು.

1951ರಲ್ಲಿ ರೂಬಿ ಗರ್ಭಿಣಿ. ಹೆರಿಗೆ ರಜೆ ಎನ್ನುವುದು ಇರಲೇ ಇಲ್ಲ. ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಆಗ ವಯಸ್ಸು 39. ನವೆಂಬರ್‌ನಲ್ಲಿ ಮಗ ಪೀಟರ್ ಹುಟ್ಟಿದ. ಎರಡು ವರ್ಷದ ಮೇಲೆ ಮಗಳು ಫಿಯೋನಾ. ಸಂಶೋಧನೆಗೆ ಆಕೆ ಮತ್ತೆ ಮರಳಲಿಲ್ಲ.

ಸಿಡ್ನಿಯಿಂದ ಕಲ್ಯಾಣಕ್ಕೆ

1952ರ ಆಗಸ್ಟ್‌ನಲ್ಲಿ ರೇಡಿಯೋ ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಮ್ಮೇಳನ ಸಿಡ್ನಿಯಲ್ಲೇ ನಡೆಯಿತು. ಕೆಲಸ ಬಿಟ್ಟು ವರ್ಷವಾಗಿದ್ದ ರೂಬಿ ಅದಕ್ಕೆ ಬಂದರು. ಅದೇ ಸಮ್ಮೇಳನಕ್ಕೆ ಭಾರತದಿಂದ ಬಂದಿದ್ದವರು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ನಿರ್ದೇಶಕ ಕೆ.ಎಸ್. ಕೃಷ್ಣನ್. ಸಿಡ್ನಿಯವರ ಕೆಲಸ ಕಂಡು ಮೆಚ್ಚಿದ ಕೃಷ್ಣನ್, ಇದನ್ನು ನಮ್ಮ ಹುಡುಗರೂ ಕಲಿಯಬೇಕು ಎಂದು ತೀರ್ಮಾನಿಸಿದರು. ಅದರ ಫಲವಾಗಿ 1953ರಲ್ಲಿ ಗೋವಿಂದ ಸ್ವರೂಪ್ ಸಿಡ್ನಿಗೆ ಹೋದರು. ಅವರು ಕೆಲಸ ಮಾಡಿದ್ದು ರೂಬಿ ಬಿಟ್ಟುಹೋದ ಅದೇ ಪಾಟ್ಸ್ ಹಿಲ್ ಕೇಂದ್ರದಲ್ಲಿ. ಅಲ್ಲಿ ಕ್ರಿಸ್ ಕ್ರಿಸ್ಟಿಯನ್ಸನ್ ಸೂರ್ಯನನ್ನು ನೋಡಲು ಕಟ್ಟಿದ್ದ 32 ಪುಟ್ಟ ಡಿಶ್‌ಗಳು ಮುಂದೆ ಭಾರತಕ್ಕೆ ಉಡುಗೊರೆಯಾಗಿ ಬಂದು, 1965ರಲ್ಲಿ ಮುಂಬೈ ಹತ್ತಿರದ ಕಲ್ಯಾಣದಲ್ಲಿ ನಿಂತವು. ಅಲ್ಲಿಂದ ಊಟಿ, ಅಲ್ಲಿಂದ ಜಿಎಂಆರ್‌ಟಿ.

ಎರಡೇ ವರ್ಷದ ಅಂತರ. ರೂಬಿಗೆ ಹೆರಿಗೆ ರಜೆ ಅನ್ನೋದೊಂದು ಇದ್ದಿದ್ದರೆ, ಭಾರತದ ರೇಡಿಯೋ ಖಗೋಳಶಾಸ್ತ್ರ ಕಟ್ಟಿದವರು ಪಾಟ್ಸ್ ಹಿಲ್‌ನಲ್ಲಿ ಆಕೆಯ ಪಕ್ಕದಲ್ಲೇ ಕೂತು ಕಲಿಯಬಹುದಿತ್ತು. ನಷ್ಟ ಒಂದು ಕುಟುಂಬದ್ದು, ಒಂದು ದೇಶದ್ದು ಮಾತ್ರ ಅಂತ ನಾವು ಅಂದುಕೊಳ್ಳುವಂತಿಲ್ಲ.

ಆಮೇಲೆ ಆಕೆ ರೂಬಿ ಹಾಲ್ ಆದರು. 1963ರಿಂದ 1974ರವರೆಗೆ ಸಿಡ್ನಿಯ ಡೇನ್‌ಬ್ಯಾಂಕ್ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡಿದರು. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಹಿಡಿಯಿತು. 1981ರ ಮೇ 25ರಂದು, 69 ತುಂಬಲು ಮೂರು ದಿನ ಇರುವಾಗ ತೀರಿಕೊಂಡರು. ಮಗ ಪೀಟರ್ ಹಾಲ್ ಸಂಖ್ಯಾಶಾಸ್ತ್ರದಲ್ಲಿ ಜಗತ್ಪ್ರಸಿದ್ಧನಾದ. ಮಗಳು ಫಿಯೋನಾ ಹಾಲ್ ಹೆಸರಾಂತ ಕಲಾವಿದೆ. ಆಸ್ಟ್ರೇಲಿಯಾ ಆ ಮದುವೆ ನಿಯಮವನ್ನು ತೆಗೆದುಹಾಕಿದ್ದು 1966ರಲ್ಲಿ, ರೂಬಿ ಹೊರಬಿದ್ದ 15 ವರ್ಷದ ಮೇಲೆ.

ನಮ್ಮ ಮನೆಯ ಕಥೆ

ಆಸ್ಟ್ರೇಲಿಯಾದವರು ಹೀಗೆ, ನಾವು ಬೇರೆ ಅಂತ ಬೀಗುವ ಮುನ್ನ ಕೊಡಗಿನ ಸಿ.ಬಿ. ಮುತ್ತಮ್ಮ ಅವರನ್ನು ನೆನೆಯೋಣ. ವಿರಾಜಪೇಟೆಯಲ್ಲಿ ಹುಟ್ಟಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಲ್ಲೂ ಇದೇ ಮಾತಿತ್ತು. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಬಡ್ತಿಯಲ್ಲಿ ಅನ್ಯಾಯವಾದಾಗ ಮುತ್ತಮ್ಮ ಸುಪ್ರೀಂ ಕೋರ್ಟ್‌ಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿ ಬರೆದರು. ಇನ್ನು 1981, ರೂಬಿ ತೀರಿಕೊಂಡ ವರ್ಷ. ಮೊದಲ ಗರ್ಭ ನಿಂತರೆ ಗಗನಸಖಿಯ ನೌಕರಿ ಮುಗಿಯಿತು ಎನ್ನುವ ಏರ್ ಇಂಡಿಯಾ ನಿಯಮವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಆದರೆ ಸೇರಿದ ಮೊದಲ ನಾಲ್ಕು ವರ್ಷ ಮದುವೆ ಕೂಡದು ಎಂಬ ಷರತ್ತನ್ನು ಅದೇ ತೀರ್ಪು ಉಳಿಸಿತು. ಗೆಲುವುಗಳು ನಮ್ಮಲ್ಲಿ ಹೀಗೆ ಅರ್ಧರ್ಧ ಬರುತ್ತವೆ.

ಇವತ್ತು ಅಂಥ ನಿಯಮ ಬರಹದಲ್ಲಿಲ್ಲ. 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಆದರೆ ತಾತ್ಕಾಲಿಕ ಅನ್ನುವ ಪದ ಎಲ್ಲಿ ಹೋಯಿತು? ಅದು ಹೋಗಿಲ್ಲ, ಇನ್ನೂ ಬಲಿತಿದೆ. ರೂಬಿಯನ್ನು ಕಾಯಂನಿಂದ ಕೆಳಗಿಳಿಸಿ ತಾತ್ಕಾಲಿಕ ಮಾಡಿದರು. ಇಂದಿನ ಪ್ರಾಜೆಕ್ಟ್ ಸಂಶೋಧಕರು, ಅತಿಥಿ ಉಪನ್ಯಾಸಕರು, ಗುತ್ತಿಗೆ ಇಂಜಿನಿಯರ್‌ಗಳು ಶುರುವಾಗುವುದೇ ಅಲ್ಲಿಂದ. ಪ್ರಾಜೆಕ್ಟ್ ಅವಧಿ ಮುಗಿಯುವ ದಿನ ಮತ್ತು ಹೆರಿಗೆಯ ದಿನ ಹತ್ತಿರ ಬಂದರೆ ಯಾರೂ ಕೆಲಸದಿಂದ ತೆಗೆಯಬೇಕಾಗಿಲ್ಲ, ನವೀಕರಿಸದಿದ್ದರೆ ಸಾಕು. ನಿಯಮ ಮುರಿದಂತೆಯೂ ಆಗೋದಿಲ್ಲ.

ಸಿಎಸ್‌ಐಆರ್‌ಒ ಈಗ ಪೇನ್-ಸ್ಕಾಟ್ ಹೆಸರಿನಲ್ಲೇ ಒಂದು ಪ್ರಶಸ್ತಿ ಕೊಡುತ್ತದೆ. ಮಕ್ಕಳು, ಮನೆಯ ಜವಾಬ್ದಾರಿಗಾಗಿ ಸಂಶೋಧನೆಯಿಂದ ದೂರವಿದ್ದು ಮರಳಿ ಬಂದವರಿಗೆ ಕೈ ಹಿಡಿಯುವ ನೆರವು ಅದು. ನಮ್ಮಲ್ಲೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮರಳಿ ಬರುವ ಮಹಿಳಾ ವಿಜ್ಞಾನಿಗಳಿಗೆ ಯೋಜನೆ ಇಟ್ಟಿದೆ. ಒಳ್ಳೆಯದೇ. ಆದರೆ ಇವೆರಡೂ ಬಿದ್ದವರನ್ನು ಎತ್ತುವ ಕೆಲಸ. ಬೀಳದ ಹಾಗೆ ನೋಡಿಕೊಳ್ಳುವುದು ಬೇರೆ ಕೆಲಸ, ಅದಕ್ಕೆ ದುಡ್ಡೂ ಕಾಯಂ ಹುದ್ದೆಗಳೂ ಬೇಕು.

ಪಶ್ಚಿಮ ಆಸ್ಟ್ರೇಲಿಯಾದ ಬಯಲಿನಲ್ಲಿ ಈಗ ಎಸ್‌ಕೆಎ ಎಂಬ ಭಾರೀ ಟೆಲಿಸ್ಕೋಪಿನ ಒಂದು ಭಾಗ ಏಳುತ್ತಿದೆ. 1,31,072 ಪುಟ್ಟ ಆಂಟೆನಾಗಳು. ಇನ್ನೊಂದು ಭಾಗ ದಕ್ಷಿಣ ಆಫ್ರಿಕಾದಲ್ಲಿ. ಭಾರತವೂ ಇದರ ಸದಸ್ಯ. ಈ ಟೆಲಿಸ್ಕೋಪಿನ ವೀಕ್ಷಣೆಗಳನ್ನು ಯೋಜಿಸಿ ನಡೆಸುವ ನಿಯಂತ್ರಣ ವ್ಯವಸ್ಥೆಯ ವಿನ್ಯಾಸಕ್ಕೆ ಮುಂದಾಳಾಗಿದ್ದದ್ದು ಪುಣೆಯ ಎನ್‌ಸಿಆರ್‌ಎ. ಅಂದರೆ ಮುಂದಿನ 50 ವರ್ಷ ಆಕಾಶವನ್ನು ಯಾವಾಗ, ಹೇಗೆ ನೋಡಬೇಕು ಎಂದು ಹೇಳುವ ಕೋಡ್ ಬರೆಯುವವರಲ್ಲಿ ನಮ್ಮ ಕಾಲೇಜುಗಳ ಹುಡುಗ ಹುಡುಗಿಯರೂ ಇದ್ದಾರೆ. ಅವರ ನೇಮಕಾತಿ ಪತ್ರದಲ್ಲಿ ಅವಧಿ ಎಷ್ಟು, ರಜೆ ಎಷ್ಟು, ನವೀಕರಣ ಯಾರ ಕೈಯಲ್ಲಿ ಎನ್ನುವ ಸಾಲುಗಳನ್ನು ಓದಿ ಪ್ರಶ್ನೆ ಕೇಳುವುದು ನಮ್ಮ ರಾಜಕೀಯದ ಭಾಗವಾಗಬೇಕು. ರೂಬಿ ಆ ಪ್ರಶ್ನೆಯನ್ನು 1950ರಲ್ಲಿ ಒಬ್ಬರೇ ಕೇಳಿದರು. ಪಕ್ಕದಲ್ಲಿ ನಿಲ್ಲುವವರು ಸಾಕಷ್ಟು ಇರಲಿಲ್ಲ.